ನಮ್ಮ ನಾಡಿನ ವಿದ್ಯುತ್ ಪ್ರಾಧ್ಯಾಪಿಕೆ: ಡಾಕ್ಟರ್ ರಾಜೇಶ್ವರಿ ಚಟರ್ಜಿಯವರು

ಪೀಣ್ಯದ ಕಾರ್ಖಾನೆಗಳಿಗೆ ಕೂಗಳತೆಯಲ್ಲಿರುವ ದಾಸರಹಳ್ಳಿಯಲ್ಲಿ ನಾವು ಸಂಸಾರ ಹೂಡಿ ಮೂವತ್ತು ವರ್ಷಗಳಿಗೆ ಮೇಲಾಯಿತು. ನಾವು ಬಂದಾಗ ಮನೆಯ ಹಿಂದೆ ರಾಗಿಯ ಹೊಲವಿದ್ದಿತು; ಈಗ ಅದೇ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೂ ಅದರ ನೆತ್ತಿಯ ಮೇಲೆ ದೂರವಾಣಿಯ ಗೋಪುರವೂ ನಿಂತಿವೆ. ಆ ಗೋಪುರಕ್ಕೆ ನಗಾರಿಯಂತೆ ದುಂಡಗಿರುವ ಬಿಳಿಯ ಪಾತ್ರೆಗಳನ್ನು ಕಟ್ಟಿರುವುದನ್ನು ವಾಚಕರೂ ತಮ್ಮ ತಮ್ಮ ಬೀದಿಗಳಲ್ಲಿ ನೋಡಿರಬಹುದು. ಅವು ಏನು, ಏತಕ್ಕೆ ಎಂದು ನಾವು ಬಹುಕಾಲ ಯಾರನ್ನೂ ಕೇಳಿದವರಲ್ಲ. ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಪಾಠ ಹೇಳಿ ಹೊಟ್ಟೆ ಹೊರೆದವರಿಗೆ ಅದರ ಗೊಡವೆ ಏಕೆಂದು ಸುಮ್ಮನಿದ್ದೆವು. ಕಳೆದ ಮಾಘಮಾಸದಲ್ಲಿ ಒಂದು ದಿನ ಸಾಯಂಕಾಲ ನಮ್ಮ ಈ ಉದಾಸೀನಕ್ಕೆ ಭಂಗ ಬಂದಿತು.

ಅಂದು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ತಾಯಿಗೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೆಸುಗೆಯ ಕೆಲಸ. ಮಗಳು ಇಂಜನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ವಿಷಯವನ್ನು ತೆಗೆದುಕೊಂಡು ಮೂರನೆಯ ವರ್ಷದಲ್ಲಿ ಓದುತ್ತಾಳೆ. ಆ ಹುಡುಗಿಯ ಕೈಯಲ್ಲಿ ಎರಡು ಪುಸ್ತಕಗಳಿದ್ದವು. ಒಂದು ಆಂಟೆನಾಗಳನ್ನು ಕುರಿತ ಇಂಗ್ಲೀಷ್ ಗ್ರಂಥ, ಒಳಗೆಲ್ಲ ಗಣಿತ. ಇನ್ನೊಂದರ ಹೆಸರು ಮಾತ್ರ ನಮಗೆ ಗುರುತಿನದಾಗಿತ್ತು: 'ವಸುಧೈವ ಕುಟುಂಬಕಂ'.

“ತಾತ, ಈ ಹೆಸರಿನ ಅರ್ಥ ಗೊತ್ತು. ಆದರೆ ಮೊದಲು ಎಲ್ಲಿ ಬರುತ್ತೆ ಅಂತ ಗೊತ್ತಿಲ್ಲ. ಎರಡು ಪುಸ್ತಕಾನೂ ಒಬ್ಬರೇ ಬರೆದಿರೋದು ನೋಡಿ,” ಎಂದಳು ಹುಡುಗಿ.

ನಾವು ನಮ್ಮ ಪಾಂಡಿತ್ಯವನ್ನು ಪ್ರದರ್ಶಿಸುವ ಸಮಯ ಬಂದಿತೆಂದು ಹಿಗ್ಗಿ, ಆ ಮಾತು ಮಹೋಪನಿಷತ್ತಿನಲ್ಲಿ ಬರುವುದೆಂದೂ, ಹಿತೋಪದೇಶದಲ್ಲಿಯೂ ಇರುವುದೆಂದೂ ಹೇಳಿದೆವು. ಹಿತೋಪದೇಶದಲ್ಲಿ ಅದನ್ನು ಆಡುವವನು ಋಷಿಯಲ್ಲ, ಜಿಂಕೆಯ ಮಾಂಸಕ್ಕೆ ಬಾಯಿ ಬಿಟ್ಟುಕೊಂಡು ಅದರ ಸ್ನೇಹವನ್ನು ಬೇಡುವ ನರಿ ಎಂಬುದನ್ನೂ ಸೇರಿಸಿದೆವು. ಹುಡುಗಿ ನಕ್ಕಳು. ಬಳಿಕ ನಾವು ಗ್ರಂಥಕರ್ತ್ರಿಯ ಹೆಸರನ್ನು ನೋಡಿ, “ಚಟರ್ಜಿ ಎಂದಿದೆ. ಬಂಗಾಳದವರು, ಸಂಸ್ಕೃತ ಬಲ್ಲವರಿರಬೇಕು,” ಎಂದೆವು. ಆಗ ಆ ಹುಡುಗಿ, “ಇಲ್ಲ ತಾತ, ನಾನೂ ಹಾಗೇ ಅಂದುಕೊಂಡಿದ್ದೆ. ಅವರು ನಮ್ಮೋರು. ಮೈಸೂರು ಸೀಮೆಯೋರು. ಯಜಮಾನರು ಮಾತ್ರ ಬಂಗಾಳಿ,” ಎಂದು ನಮ್ಮನ್ನು ತಿದ್ದಿದಳು.

ಅರವತ್ತು ತುಂಬಿದ ಮೇಲೆ ಕಲಿಯುವುದು ನಾಚಿಕೆಯ ಸಂಗತಿಯಲ್ಲ. ಅಂದಿನಿಂದ ನಾವು ಈ ಮಹನೀಯಳ ವೃತ್ತಾಂತವನ್ನು ಸಿಕ್ಕಿದಲ್ಲೆಲ್ಲ ಓದಿ ತಿಳಿದುಕೊಂಡೆವು. ನಮ್ಮ ಊರಿನಲ್ಲಿಯೇ ಬಾಳಿ, ನಮ್ಮ ಊರಿನಲ್ಲಿಯೇ ಪಾಠ ಹೇಳಿ ಹೋದ ಇಂಥವರ ಹೆಸರನ್ನು ನಮ್ಮ ಮನೆಗಳಲ್ಲಿ ಅರಿತವರು ಎಷ್ಟು ಜನರು?

ರಾಜೇಶ್ವರಿಯವರು ಹುಟ್ಟಿದುದು 1922ನೆಯ ಇಸವಿಯ ಜನವರಿ 24ರಂದು. ಅವರ ವಿದ್ಯಾಭ್ಯಾಸದ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ಅವರ ಅಜ್ಜಿಯವರಲ್ಲಿಗೆ ಹೋಗಿ ನಿಲ್ಲುತ್ತೇವೆ. ಕಮಲಮ್ಮ ದಾಸಪ್ಪನವರೆಂಬ ಆಕೆ ಹಿಂದಿನ ಮೈಸೂರು ಸಂಸ್ಥಾನದಲ್ಲಿ ಮೊಟ್ಟಮೊದಲು ಪದವೀಧರೆಯರಾದ ಹೆಂಗಸರಲ್ಲಿ ಒಬ್ಬರು. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿಯವರ ಪಾಠಶಾಲೆ ಆರಂಭವಾದುದು 1881ರಲ್ಲಿ. ಅದಾಗಿ ಎಷ್ಟೋ ಕಾಲದವರೆಗೆ ಹುಡುಗಿಯರನ್ನು ಶಾಲೆಗೆ ಕಳುಹಿಸುವುದೇ ಒಂದು ಸಾಹಸವೆನಿಸಿದ್ದಿತು. ಪದವಿಯ ಮಾತಂತೂ ದೂರ. ಕಮಲಮ್ಮನವರು ತಾವು ಪದವಿ ಪಡೆದುದಲ್ಲದೆ, ವಿಧವೆಯರಿಗೂ ಗಂಡಂದಿರು ತೊರೆದ ಹೆಂಗಸರಿಗೂ ವಿದ್ಯೆಯ ದಾರಿಯನ್ನು ತೋರಿಸುವ ಕೆಲಸಕ್ಕೆ ಕೈಯಿಟ್ಟರು. ಅವರು ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳಿಗೆ ಅಕ್ಷರಾಭ್ಯಾಸವಾಯಿತು. ಹುಡುಗಿ ಓದಬೇಕೆ ಬೇಡವೆ ಎಂಬ ಪ್ರಶ್ನೆ ಆ ಮನೆಯಲ್ಲಿ ಏಳಲಿಲ್ಲ. ಏನನ್ನು ಓದಬೇಕೆಂಬುದೊಂದೇ ಪ್ರಶ್ನೆ.

ಆ ಪ್ರಶ್ನೆಯೂ ಸುಲಭವಾಗಿ ಬಗೆಹರಿಯಲಿಲ್ಲವಂತೆ. ಪ್ರೌಢಶಾಲೆಯ ಓದು ಮುಗಿದಾಗ ರಾಜೇಶ್ವರಿಯವರ ಮನಸ್ಸು ಇತಿಹಾಸದ ಕಡೆಗೆ ಎಳೆಯುತ್ತಿದ್ದಿತು. ಕೊನೆಗೆ ಅವರು ಭೌತಶಾಸ್ತ್ರ ಗಣಿತಶಾಸ್ತ್ರಗಳನ್ನು ಆರಿಸಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದರು. ಗಣಿತದಲ್ಲಿ ಬಿ.ಎಸ್‌ಸಿ. ಆನರ್ಸ್, ಎಂ.ಎಸ್‌ಸಿ. ಎರಡೂ ಪರೀಕ್ಷೆಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ಪಾರಿತೋಷಕವೂ ಎಂ. ಟಿ. ನಾರಾಯಣ ಅಯ್ಯಂಗಾರ್ಯರ ಹೆಸರಿನ ಬಹುಮಾನವೂ ಅವರಿಗೆ ದೊರೆತವು.

ಆಗ 1943ನೆಯ ಇಸವಿ. ಲೋಕವೆಲ್ಲ ಯುದ್ಧದಲ್ಲಿ ಮುಳುಗಿದ್ದಿತು. ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರಲ್ಲಿಯೇ ಹುಟ್ಟಿಕೊಂಡು ವಿಮಾನಗಳ ಗದ್ದಲ ಆರಂಭವಾಗಿದ್ದಿತು. ಜನರು 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಭಾರತೀಯ ವಿಜ್ಞಾನ ಮಂದಿರವು 1909ರಲ್ಲಿ ಆರಂಭವಾದುದು. ಅಲ್ಲಿ ಪ್ರಸಿದ್ಧರಾದ ಸರ್ ಸಿ. ವಿ. ರಾಮನ್ನರು ಭೌತಶಾಸ್ತ್ರದ ಮುಖ್ಯಸ್ಥರಾಗಿದ್ದರು. ರಾಜೇಶ್ವರಿಯವರು ಮೊದಲು ಅವರ ಬಳಿ ಸಂಶೋಧನೆ ಮಾಡಬೇಕೆಂದು ಹೋದರೆಂದೂ, ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣದಿಂದ ರಾಮನ್ನರು ಒಪ್ಪಲಿಲ್ಲವೆಂದೂ ಅವರ ವೃತ್ತಾಂತವನ್ನು ಬರೆದವರು ಹೇಳುತ್ತಾರೆ. ಇದಕ್ಕೆ ಹತ್ತು ವರ್ಷಗಳ ಹಿಂದೆ, 1933ರಲ್ಲಿ, ಕಮಲಾ ಭಾಗವತರೆಂಬ ಕನ್ಯೆ ಮುಂಬಯಿಯಿಂದ ಅಲ್ಲಿಗೆ ಬಂದಾಗಲೂ ರಾಮನ್ನರು ಮೊದಲು ಒಪ್ಪದೆ, ಆಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಮಾತ್ರ ಇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾಗಿ ಕೇಂಬ್ರಿಡ್ಜಿನಲ್ಲಿ ಡಾಕ್ಟರೇಟ್ ಪಡೆದವರು ಆಕೆಯೇ. ಮಹಾಪುರುಷರ ಮಹಿಮೆಯನ್ನು ಹೇಳುವಾಗ ಇಂಥ ಸಂಗತಿಗಳನ್ನು ಮುಚ್ಚಿಡುವುದು ನಮ್ಮಲ್ಲಿ ವಾಡಿಕೆ. ನಮಗೆ ಅದು ಸರಿಯೆಂದು ತೋರುವುದಿಲ್ಲ.

ಆದರೆ ಆ ಬಾಗಿಲು ಮುಚ್ಚಿದುದರಿಂದ ನಮ್ಮ ನಾಡಿಗೆ ನಷ್ಟವಾಗಲಿಲ್ಲ. ರಾಜೇಶ್ವರಿಯವರು ಅದೇ ಆವರಣದ ವಿದ್ಯುತ್ ತಂತ್ರಶಾಸ್ತ್ರದ ವಿಭಾಗಕ್ಕೆ ಹೋಗಿ, ಸುದ್ದಿಯನ್ನು ದೂರಕ್ಕೆ ಮುಟ್ಟಿಸುವ ವಿದ್ಯೆಯಲ್ಲಿ ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿಕೊಂಡರು. ಆ ಕಾಲದಲ್ಲಿ ಹೆಂಗಸರಿಗೆ ಇಂಜನಿಯರಿಂಗ್ ಎಂಬುದು ಕೇಳರಿಯದ ಮಾತು. ಮದರಾಸಿನ ಗಿಂಡಿಯ ಕಾಲೇಜಿನಲ್ಲಿ ಎ. ಲಲಿತಾ ಎಂಬಾಕೆ, ಎಳೆಯ ಮಗುವಿದ್ದ ವಿಧವೆ, ವಿದ್ಯುತ್ ಇಂಜನಿಯರಿಂಗ್ ಓದಿ ಹೊರಬಂದುದೂ ಆ ವರ್ಷಗಳಲ್ಲಿಯೇ.

ಯುದ್ಧ ಮುಗಿಯಿತು. 1946ರಲ್ಲಿ ದೆಹಲಿಯಲ್ಲಿ ಮಧ್ಯಂತರ ಸರ್ಕಾರ ಏರ್ಪಟ್ಟಿತು. ನಾಳೆ ಸ್ವತಂತ್ರವಾಗುವ ದೇಶಕ್ಕೆ ತಜ್ಞರು ಬೇಕೆಂದು ಆಲೋಚಿಸಿ ಬುದ್ಧಿವಂತರಾದ ತರುಣರನ್ನು ಹೊರದೇಶಗಳಿಗೆ ಕಳುಹಿಸಲು ವಿದ್ಯಾರ್ಥಿವೇತನಗಳನ್ನು ಗೊತ್ತುಮಾಡಿದರು. ರಾಜೇಶ್ವರಿಯವರು ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಅರ್ಜಿ ಹಾಕಿ ಆಯ್ಕೆಯಾದರು. ಇಪ್ಪತ್ತೈದರ ಪ್ರಾಯದ ಅವಿವಾಹಿತ ಕನ್ಯೆ ಒಬ್ಬಳೇ ಸಮುದ್ರ ದಾಟಿ ಅಮೆರಿಕಾ ಖಂಡಕ್ಕೆ ಹೋಗುವುದೆಂದರೆ 1947ರಲ್ಲಿ ನಮ್ಮ ಮನೆಗಳಲ್ಲಿ ಎಂಥ ಮಾತು ನಡೆಯುತ್ತಿದ್ದಿತೆಂಬುದನ್ನು ಹಿರಿಯ ವಾಚಕರು ಊಹಿಸಬಲ್ಲರು.

ಇಲ್ಲಿ ನಮ್ಮ ಸ್ವಂತದ ಒಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಮೇಲೆ ಹೇಳಿದ ಆ ಹಳೆಯ ವಿದ್ಯಾರ್ಥಿನಿ 1992ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಗಣಿತಕ್ಕೆ ನಮ್ಮ ಶಾಲೆಯಲ್ಲಿಯೇ ಹೆಚ್ಚು ಅಂಕಗಳನ್ನು ತೆಗೆದಿದ್ದಳು. ಅವಳ ತಂದೆ ಲೇತಿನ ಮೇಲೆ ಕೆಲಸ ಮಾಡುವ ಟರ್ನರ್, ಸಾಧು ಮನುಷ್ಯ. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು, “ಮೇಷ್ಟ್ರೇ, ಹುಡುಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದ್ತೀನಿ ಅಂತಾಳೆ. ನನಗೇನು ತಿಳಿಯುತ್ತೆ? ತಾವು ಹೇಳಿದ ಹಾಗೆ,” ಎಂದನು. ನಮಗೆ ಆಗ ಇಪ್ಪತ್ತೇಳು ವರ್ಷ. ಲೋಕವೆಲ್ಲ ತಿಳಿದಿದೆಯೆಂಬ ಹಮ್ಮು. “ಮೂರು ವರ್ಷದ ಓದು, ಎರಡೆರಡು ಬಸ್ಸು, ಆಮೇಲೆ ಹೇಗೂ ಮದುವೆ. ಬೆರಳಚ್ಚು ಕಲಿಸಿ, ಸಾಕು,” ಎಂದುಬಿಟ್ಟೆವು. ಹುಡುಗಿ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು, ತುಟಿ ಬಿಚ್ಚಲಿಲ್ಲ. ತಂದೆ ನಮ್ಮ ಮಾತನ್ನು ವೇದವಾಕ್ಯವೆಂದು ನಡೆಸಿದನು. ಅವಳು ಬೆರಳಚ್ಚು ಕಲಿತು ಮುಗಿಸುವ ಹೊತ್ತಿಗೆ ಕಚೇರಿಗಳಿಗೆ ಕಂಪ್ಯೂಟರುಗಳು ಬಂದು ಬೆರಳಚ್ಚಿನ ಯಂತ್ರಗಳು ಮೂಲೆ ಸೇರಿದವು. ಅವಳು ಬೆಸುಗೆಯ ಕೋಲನ್ನು ಹಿಡಿದಳು. ಈ ಮೂವತ್ತು ವರ್ಷಗಳಲ್ಲಿ ಒಂದು ಸಲವೂ ಅವಳು ಆ ದಿನವನ್ನು ನಮ್ಮ ಮುಂದೆ ಎತ್ತಿ ಆಡಿದವಳಲ್ಲ. ಕಮಲಮ್ಮ ದಾಸಪ್ಪನವರ ವಿಷಯವನ್ನು ಓದುವಾಗ ನಮಗೆ ಆ ಬಾಗಿಲೂ ಆ ಹುಡುಗಿಯೂ ಕಣ್ಣಿಗೆ ಕಟ್ಟಿದವು.

ಇರಲಿ, ಪ್ರಕೃತಕ್ಕೆ ಬರೋಣ.

ರಾಜೇಶ್ವರಿಯವರು ಸೇರಿದುದು ಆನ್ ಆರ್ಬರ್ ಎಂಬ ಊರಿನಲ್ಲಿರುವ ಮಿಷಿಗನ್ ವಿಶ್ವವಿದ್ಯಾನಿಲಯವನ್ನು. ಅಲ್ಲಿ ವಿದ್ಯುತ್ ಇಂಜನಿಯರಿಂಗಿನಲ್ಲಿ ಮಾಸ್ಟರ್ ಪದವಿಯನ್ನು ಪಡೆದು, ಸರ್ಕಾರದೊಡನೆ ಮಾಡಿಕೊಂಡಿದ್ದ ಕರಾರಿಗೆ ಅನುಸಾರವಾಗಿ ವಾಷಿಂಗ್‌ಟನ್ನಿನಲ್ಲಿದ್ದ ರಾಷ್ಟ್ರೀಯ ಮಾನಕಗಳ ಸಂಸ್ಥೆಯಲ್ಲಿ ಎಂಟು ತಿಂಗಳು ಪ್ರಾಯೋಗಿಕ ಶಿಕ್ಷಣವನ್ನು ಪಡೆದರು. ನಮ್ಮಲ್ಲಿ ಸೇರು ಪಾವುಗಳಿಗೆ ಮುದ್ರೆಯೊತ್ತುವ ಕಚೇರಿಯಿದ್ದಿತಲ್ಲವೆ? ಇದೂ ಅಂಥದೇ. ಇಲ್ಲಿ ಅಳೆಯುವುದು ಅಕ್ಕಿಯನ್ನಲ್ಲ. ರೇಡಿಯೋ ತರಂಗಗಳ ಆವರ್ತನವೇನು, ಬಲವೆಷ್ಟು ಎಂಬುದನ್ನು. ಅಳತೆಯಲ್ಲಿ ಕೈ ಪಳಗದವನು ಈ ವಿದ್ಯೆಯಲ್ಲಿ ಮುಂದುವರಿಯಲಾರನು. 1949ರಲ್ಲಿ ಅವರು ಪುನಃ ಆನ್ ಆರ್ಬರಿಗೆ ಹಿಂದಿರುಗಿದಾಗ ಬಾರ್ಬರ್ ವಿದ್ಯಾರ್ಥಿವೇತನ ದೊರೆಯಿತು. ಪೌರಸ್ತ್ಯ ದೇಶಗಳ ಸ್ತ್ರೀಯರಿಗಾಗಿಯೇ ಅಲ್ಲಿಯ ಒಬ್ಬ ದಾನಿಯು ಸ್ಥಾಪಿಸಿದ ವೇತನವದು. ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳರು ಓದಿದುದೂ ಅದರ ಬಲದಿಂದಲೇ. ಪ್ರೊಫೆಸರ್ ವಿಲಿಯಂ ಗೋಲ್ಡ್ ಡೌ ಎಂಬುವರ ಮಾರ್ಗದರ್ಶನದಲ್ಲಿ ಪ್ರಬಂಧವನ್ನು ಬರೆದು 1953ರ ಆರಂಭದಲ್ಲಿ ರಾಜೇಶ್ವರಿಯವರು ಡಾಕ್ಟರೇಟ್ ಪಡೆದರು. ಈ ಡೌ ಎಂಬುವರು ನಿರ್ವಾತ ನಳಿಕೆಗಳ ವಿದ್ಯೆಯಲ್ಲಿ ಪ್ರಸಿದ್ಧರು. ಯುದ್ಧಕಾಲದಲ್ಲಿ ಶತ್ರುಗಳ ರೇಡಾರಿಗೆ ಕಣ್ಣು ಕಟ್ಟುವ ಉಪಾಯಗಳನ್ನು ಹುಡುಕುವ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರು.

ಪದವಿ ದೊರೆತ ವರ್ಷವೇ ಅವರು ಬೆಂಗಳೂರಿಗೆ ಹಿಂದಿರುಗಿ ವಿಜ್ಞಾನ ಮಂದಿರದಲ್ಲಿ ವಿದ್ಯುತ್ ಸಂಪರ್ಕ ಇಂಜನಿಯರಿಂಗ್ ವಿಭಾಗದ ಉಪನ್ಯಾಸಕರಾದರು. ಆ ವಿಭಾಗದ ಬೋಧಕವರ್ಗಕ್ಕೆ ಸೇರಿದ ಹೆಂಗಸರಲ್ಲಿ ಅವರೇ ಮೊದಲಿಗರು. ಅದೇ 1953ರಲ್ಲಿ, ಅದೇ ವಿಭಾಗದ ಅಧ್ಯಾಪಕರಾಗಿದ್ದ ಶಿಶಿರಕುಮಾರ ಚಟರ್ಜಿಯವರನ್ನು ವಿವಾಹವಾದರು. ಕರ್ನಾಟಕದ ಮೊದಲ ಮಹಿಳಾ ಇಂಜನಿಯರೆಂದು ಇವರನ್ನು ಹೇಳುವುದುಂಟು. ಬಿ.ಇ. ಪದವಿಯನ್ನು ಓದದೆ, ಗಣಿತದ ಬಾಗಿಲಿನಿಂದ ಈ ಮನೆಯನ್ನು ಹೊಕ್ಕವರು ಅವರು. ಹಾಗೆ ಹೊಕ್ಕುದು ಆಕಸ್ಮಿಕವೆಂದು ತೋರಿದರೂ ಅನುಚಿತವಲ್ಲ. ಏಕೆಂಬುದನ್ನು ತಿಳಿಯಬೇಕಾದರೆ ಅವರು ಆರಿಸಿಕೊಂಡ ವಿದ್ಯೆ ಎಂಥದೆಂದು ಸ್ವಲ್ಪ ನೋಡಬೇಕು. ನಾವು ಇದನ್ನು ಆ ಹುಡುಗಿಯಿಂದ ನಾಲ್ಕು ಸಾಯಂಕಾಲ ಪಾಠ ಹೇಳಿಸಿಕೊಂಡು, ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಬೆಂಗಳೂರು ಆಕಾಶವಾಣಿಯು 612 ಕಿಲೋಹರ್ಟ್ಸಿನಲ್ಲಿ ಬರುವುದೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಅಂದರೆ ಆ ತರಂಗವು ಸೆಕೆಂಡಿಗೆ ಆರು ಲಕ್ಷ ಹನ್ನೆರಡು ಸಾವಿರ ಸಲ ಏರಿ ಇಳಿಯುತ್ತದೆ. ಬೆಳಕಿನ ವೇಗದಿಂದ ಓಡುವ ಅಂಥ ತರಂಗದ ಒಂದು ಅಲೆಯ ಉದ್ದ ಸುಮಾರು 490 ಮೀಟರುಗಳು, ಅಂದರೆ ಒಂದು ಕೆರೆಯ ಏರಿಯಷ್ಟು. ಆವರ್ತನ ಹೆಚ್ಚಿದಷ್ಟೂ ಅಲೆ ಗಿಡ್ಡವಾಗುತ್ತದೆ. ಸೆಕೆಂಡಿಗೆ ನೂರು ಕೋಟಿ ಸಲವಾದರೆ ಅಲೆಯ ಉದ್ದ 30 ಸೆಂಟಿಮೀಟರು. ಸಾವಿರ ಕೋಟಿಯಾದರೆ 3 ಸೆಂಟಿಮೀಟರು, ನಮ್ಮ ಹೆಬ್ಬೆರಳಿನ ತುದಿಯ ಗೆಣ್ಣಿನಷ್ಟು. ಇವುಗಳಿಗೆ ಮೈಕ್ರೋವೇವ್ ಎಂದು ಹೆಸರು. ಕನ್ನಡದಲ್ಲಿ ಸೂಕ್ಷ್ಮತರಂಗವೆಂದು ಬರೆಯುತ್ತಾರೆ. ಈ ಹೆಸರು ನಮಗೆ ಅಷ್ಟು ಹಿಡಿಸದು. ಬೆರಳಿನಿಂದ ಅಳೆಯಬಹುದಾದುದು ಸೂಕ್ಷ್ಮವೆಂದರೆ, ಮಿಲಿಮೀಟರಿನ ಸಾವಿರದ ಅರ್ಧಭಾಗದಷ್ಟಿರುವ ಬೆಳಕಿನ ಅಲೆಗೆ ಇನ್ನಾವ ಹೆಸರಿಡೋಣ? ಹಳೆಯ ರೇಡಿಯೋ ಅಲೆಗಳಿಗಿಂತ ಕಿರಿದೆಂಬಷ್ಟೇ ಅರ್ಥದಲ್ಲಿ ಹೆಸರು ಬಂದಿದೆ, ನಾವೂ ಅದನ್ನು ನಡೆಸಿಕೊಳ್ಳಬೇಕು.

ಇಂಥ ಕಿರಿಯ ಅಲೆಗಳನ್ನು ಮೊದಲು ಪಳಗಿಸಿದವರಲ್ಲಿ ನಮ್ಮ ದೇಶದ ಜಗದೀಶಚಂದ್ರ ಬೋಸರು ಒಬ್ಬರು. 1895ರ ಸುಮಾರಿನಲ್ಲಿ ಕಲ್ಕತ್ತೆಯಲ್ಲಿ ಅವರು ಕೆಲವೇ ಮಿಲಿಮೀಟರು ಉದ್ದದ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದರು. ಆ ಬಳಿಕ ಲೋಕವು ಉದ್ದದ ಅಲೆಗಳ ಬೆನ್ನುಹತ್ತಿತು. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇಬ್ಬರು ವಿಜ್ಞಾನಿಗಳು ಬಲವಾದ ಮ್ಯಾಗ್ನೆಟ್ರಾನ್ ನಳಿಕೆಯನ್ನು ರಚಿಸಿದ ಮೇಲೆ, ರೇಡಾರಿನ ದೆಸೆಯಿಂದ ಕಿರಿಯ ಅಲೆಗಳಿಗೆ ಪುನರ್ಜನ್ಮವಾಯಿತು.

ಈ ಅಲೆಗಳ ಸ್ವಭಾವವೇ ಬೇರೆ. ಮನೆಯ ದೀಪಕ್ಕೆ ವಿದ್ಯುತ್ತನ್ನು ಎರಡು ತಂತಿಗಳಲ್ಲಿ ತರುತ್ತೇವೆ. ಮೈಕ್ರೋವೇವನ್ನು ಸಾಧಾರಣ ತಂತಿಗಳಲ್ಲಿ ಕಳುಹಿಸಹೋದರೆ ಅರ್ಧ ದಾರಿಯಲ್ಲಿಯೇ ಸೋರಿಹೋಗುತ್ತದೆ. ಆದಕಾರಣ ಅದನ್ನು ಚೌಕನಾದ ಟೊಳ್ಳು ಲೋಹದ ಕೊಳವೆಯೊಳಗೆ ಹರಿಯಿಸುತ್ತಾರೆ. ಇದಕ್ಕೆ ವೇವ್‌ಗೈಡ್ ಎನ್ನುತ್ತಾರೆ, ತರಂಗಮಾರ್ಗವೆನ್ನಬಹುದು. ಕೊಳವೆಯೊಳಗೆ ತಂತಿಯಿಲ್ಲ, ಹೋಗುವ ಬರುವ ಎರಡು ದಾರಿಗಳಿಲ್ಲ, ಬರಿಯ ಗಾಳಿ. ಅಲೆಯು ಗೋಡೆಯಿಂದ ಗೋಡೆಗೆ ತಾಗುತ್ತ ಮುಂದಕ್ಕೆ ಹೋಗುತ್ತದೆ. ಅಲೆಯ ಅರ್ಧ ಉದ್ದಕ್ಕಿಂತ ಕೊಳವೆಯ ಅಗಲ ಕಡಮೆಯಾದರೆ ಅದು ಒಳಗೆ ಹೋಗಲಾರದು, ದೊಡ್ಡ ತೇರು ಓಣಿಯಲ್ಲಿ ನುಗ್ಗಲಾರದೆ ನಿಲ್ಲುವಂತೆ. ನಮ್ಮ ಸೊಸೆಯ ಅಡಿಗೆಮನೆಯಲ್ಲಿ ಮೈಕ್ರೋವೇವ್ ಒಲೆಯೊಂದಿದೆ. ಅದರ ಬಾಗಿಲಿನ ಗಾಜಿಗೆ ಜರಡಿಯಂಥ ಲೋಹದ ಹಾಳೆಯನ್ನು ಏಕೆ ಹಾಕಿದ್ದಾರೆಂದು ನಮಗೆ ಈಗ ತಿಳಿಯಿತು. ಒಲೆಯೊಳಗಣ ಅಲೆ 12 ಸೆಂಟಿಮೀಟರಿನದು. ಜರಡಿಯ ಕಣ್ಣು ಒಂದೆರಡು ಮಿಲಿಮೀಟರಿನದು. ಬೆಳಕು ಹೊರಕ್ಕೆ ಬರುತ್ತದೆ, ಅನ್ನ ಕಾಣುತ್ತದೆ. ಅಲೆ ಒಳಗೇ ಉಳಿಯುತ್ತದೆ.

ಇಂಥಲ್ಲಿ ವೋಲ್ಟೇಜು ಎಷ್ಟು, ಕರೆಂಟು ಎಷ್ಟು ಎಂದು ಕೇಳುವುದರಿಂದ ಕೆಲಸ ಸಾಗದು. ಕೊಳವೆಯ ಪ್ರತಿಯೊಂದು ಬಿಂದುವಿನಲ್ಲಿಯೂ ವಿದ್ಯುತ್ ಕ್ಷೇತ್ರ ಹೇಗಿದೆ, ಕಾಂತಕ್ಷೇತ್ರ ಹೇಗಿದೆ ಎಂಬುದನ್ನು 19ನೆಯ ಶತಮಾನದ ಮ್ಯಾಕ್ಸ್‌ವೆಲ್ ಎಂಬ ಸ್ಕಾಟ್‌ಲೆಂಡಿನ ಮಹಾನುಭಾವನ ಸಮೀಕರಣಗಳಿಂದ ಬಿಡಿಸಬೇಕು. ಅದು ಶುದ್ಧ ಗಣಿತದ ಕೆಲಸ. ಸೆಂಟ್ರಲ್ ಕಾಲೇಜಿನಲ್ಲಿ ಕಲಿತ ಗಣಿತ ಎಲ್ಲಿಗೆ ಬಂದು ಫಲಿಸಿತೆಂಬುದನ್ನು ವಾಚಕರು ಈಗ ಕಂಡರಷ್ಟೆ.

ಚಟರ್ಜಿ ದಂಪತಿಗಳು ವಿಜ್ಞಾನ ಮಂದಿರದಲ್ಲಿ ಮೈಕ್ರೋವೇವ್ ಸಂಶೋಧನ ಶಾಲೆಯನ್ನು ಕಟ್ಟಿದರು. ನಮ್ಮ ದೇಶದಲ್ಲಿ ಈ ಶಾಖೆಯ ಇಂಜನಿಯರಿಂಗ್ ಸಂಶೋಧನೆಗೆ ಅಡಿಪಾಯ ಹಾಕಿದವರಲ್ಲಿ ಅವರಿಬ್ಬರೂ ಎಣಿಕೆಗೆ ಬರುತ್ತಾರೆ. ಗಂಡಹೆಂಡಿರ ಹೆಸರುಗಳು ಒಟ್ಟೊಟ್ಟಿಗೆ ಅಚ್ಚಾಗಿರುವ ಲೇಖನಗಳು ವಿಜ್ಞಾನ ಮಂದಿರದ ಪತ್ರಿಕೆಯ ಹಳೆಯ ಸಂಪುಟಗಳಲ್ಲಿವೆ. ಅವುಗಳಲ್ಲಿ ಒಂದು ವಿಷಯವಂತೂ ನಮ್ಮಂಥವರಿಗೂ ರುಚಿಸಿತು. ಲೋಹದ ತಂತಿಯ ಮೇಲೆ ಅರಗಿನಂತೆ ವಿದ್ಯುತ್ ನಿರೋಧಕವಾದ ವಸ್ತುವನ್ನು ಲೇಪಿಸಿದರೆ, ಸೋರಿಹೋಗಬೇಕಾದ ಅಲೆಯು ಆ ಲೇಪಕ್ಕೆ ಅಂಟಿಕೊಂಡು, ಕಂಬಕ್ಕೆ ಹಬ್ಬಿದ ಬಳ್ಳಿಯಂತೆ, ಮೇಲ್ಮೈಯನ್ನು ಬಿಡದೆ ಸಾಗುತ್ತದೆ. ಲೇಪವೆಷ್ಟು ದಪ್ಪವಾದರೆ ಅಲೆಯೆಷ್ಟು ಹತ್ತಿರ ಉಳಿಯುವುದೆಂದು ಲೆಕ್ಕ ಹಾಕಿ, ಅಳೆದು ನೋಡಬೇಕು. ಹಾಗೆಯೇ ಲೋಹವೇ ಇಲ್ಲದ, ಮೇಣದ ಬತ್ತಿಯಂಥ ನಿರೋಧಕದ ಕೋಲೊಂದನ್ನು ಕೊಳವೆಯ ಬಾಯಿಗೆ ಸಿಕ್ಕಿಸಿದರೆ ಅದೇ ಆಂಟೆನಾ ಆಗಿ, ಅಲೆಯನ್ನು ಒಂದೇ ದಿಕ್ಕಿಗೆ ಚೆಲ್ಲುತ್ತದೆ. ಈ ಜಾತಿಯ ಆಂಟೆನಾಗಳ ವಿಷಯವಾಗಿ ರಾಜೇಶ್ವರಿಯವರು ಒಂದು ಪ್ರತ್ಯೇಕ ಗ್ರಂಥವನ್ನೇ ಬರೆದಿದ್ದಾರೆ.

ಅವರ ಬಳಿ 20 ಮಂದಿ ಪಿಎಚ್.ಡಿ. ಪಡೆದರು. ನೂರಕ್ಕೆ ಮೇಲ್ಪಟ್ಟು ಸಂಶೋಧನ ಲೇಖನಗಳು, ಏಳು ಪುಸ್ತಕಗಳು. ವಿಭಾಗದ ಅಧ್ಯಕ್ಷತೆಯೂ ಬಂದಿತು. ಇಂಗ್ಲೆಂಡಿನ ಇಂಜನಿಯರುಗಳ ಸಂಸ್ಥೆಯ ಮೌಂಟ್‌ಬ್ಯಾಟನ್ ಬಹುಮಾನ, ನಮ್ಮ ದೇಶದ ಜೆ. ಸಿ. ಬೋಸ್ ಸ್ಮಾರಕ ಬಹುಮಾನ, ರಾಮಲಾಲ್ ವಾಧ್ವಾ ಪಾರಿತೋಷಕ ಇವೆಲ್ಲ ದೊರೆತವು. ಬಹುಮಾನಗಳ ಪಟ್ಟಿಯನ್ನು ಬೆಳೆಸುವುದು ನಮಗೆ ಇಷ್ಟವಿಲ್ಲ. ಉಪಾಧ್ಯಾಯನಾದವನಿಗೆ ಆ 20 ಎಂಬ ಅಂಕಿಯೇ ದೊಡ್ಡದಾಗಿ ಕಾಣುತ್ತದೆ. ಒಬ್ಬೊಬ್ಬ ವಿದ್ಯಾರ್ಥಿಗೆ ನಾಲ್ಕೈದು ವರ್ಷಗಳಂತೆ, ಅವನ ತಪ್ಪುಗಳನ್ನು ತಿದ್ದಿ, ಅವನ ಅನುಮಾನಗಳನ್ನು ಸಹಿಸಿ, ಸ್ವಂತ ಕಾಲಿನ ಮೇಲೆ ನಿಲ್ಲಿಸುವುದೆಂದರೆ ಏನೆಂಬುದು ಪಾಠ ಹೇಳಿದವರಿಗೆ ಗೊತ್ತು.

ಇವರು ಪಾಠ ಹೇಳುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಸುತ್ತಿನ ಪ್ರದೇಶವೂ ಬದಲಾಗುತ್ತಿದ್ದಿತು. ಅವರು ಹಿಂದಿರುಗಿದ ಮರುವರ್ಷ, 1954ರಲ್ಲಿ, ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸ್ಥಾಪಿತವಾಯಿತು. 1972ರಲ್ಲಿ ಉಡುಪಿಯ ಕಡೆಯ ಯು. ಆರ್. ರಾಯರ ನೇತೃತ್ವದಲ್ಲಿ ಪೀಣ್ಯದ ತಗಡಿನ ಷೆಡ್ಡುಗಳಲ್ಲಿ ಉಪಗ್ರಹವನ್ನು ಕಟ್ಟಲಾರಂಭಿಸಿದರು. 360 ಕಿಲೋಗ್ರಾಮು ತೂಕದ ಆ 'ಆರ್ಯಭಟ' 1975ರ ಏಪ್ರಿಲ್ 19ರಂದು ರಷ್ಯಾದ ನೆಲದಿಂದ ಆಕಾಶಕ್ಕೇರಿತು. ಅದರ ಸಂದೇಶಗಳನ್ನು ಹಿಡಿಯಲು ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಕೇಂದ್ರವನ್ನಾಗಿ ಮಾರ್ಪಡಿಸಿದರೆಂಬುದನ್ನು ರಾಯರೇ ನಗುತ್ತ ಹೇಳಿಕೊಂಡದ್ದುಂಟು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಆರ್. ಕೆ. ಬಾಳಿಗರ ಆಲೋಚನೆಯಂತೆ ಕೋನಪ್ಪನ ಅಗ್ರಹಾರ ದೊಡ್ಡತೋಗೂರುಗಳ ಹೊಲಗಳಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ 332 ಎಕರೆಗಳನ್ನು ಗೊತ್ತುಮಾಡಿದರು.

ಆರ್ಯಭಟವು ಮಾತನಾಡಿದುದು ಎರಡು ಮೀಟರಿಗೆ ತುಸು ಮೇಲ್ಪಟ್ಟ ಅಲೆಯಲ್ಲಿ. ಅದು ಮೈಕ್ರೋವೇವ್ ಅಲ್ಲ. ಆದರೆ 1981ರಲ್ಲಿ ಬಂದ 'ಆಪಲ್' ಎಂಬ ಸಂಪರ್ಕ ಉಪಗ್ರಹವು ನಿಜವಾಗಿಯೂ ಮೈಕ್ರೋವೇವಿನದು. ಅದನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಬಡ ದೇಶಕ್ಕೆ ಲಾರಿ ಇರಲಿಲ್ಲವೆಂದು ಕೆಲವರು ಅದನ್ನು ತೋರಿಸಿ ನಗುವುದುಂಟು, ಕೆಲವರು ಮರುಗುವುದುಂಟು. ಎರಡೂ ಸಲ್ಲದು. ಆಂಟೆನಾವನ್ನು ಪರೀಕ್ಷಿಸುವಾಗ ಸುತ್ತಮುತ್ತ ಲೋಹವಿದ್ದರೆ ಅಲೆಗಳು ಅದಕ್ಕೆ ತಾಗಿ ಹಿಂದಿರುಗಿ ಅಳತೆಯನ್ನು ಕೆಡಿಸುತ್ತವೆ. ಲಾರಿ ಎಂದರೆ ಲೋಹದ ರಾಶಿ. ಮರದ ಗಾಡಿಯಲ್ಲಿ ಆ ತೊಡಕಿಲ್ಲ. ಎತ್ತುಗಳನ್ನು ಕಟ್ಟಿದವರು ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಚೆನ್ನಾಗಿ ಓದಿದ್ದರು.

ರಾಜೇಶ್ವರಿಯವರು 1982ರಲ್ಲಿ ನಿವೃತ್ತರಾದರು. ನಿವೃತ್ತರಾದ ಮೇಷ್ಟರು ಸಾಮಾನ್ಯವಾಗಿ ನಮ್ಮ ಹಾಗೆ ಜಗಲಿಯ ಮೇಲೆ ಕೂತು ಕಾಲದ ದೋಷವನ್ನು ಹೇಳುತ್ತಾರೆ. ಅವರು ಹಾಗೆ ಮಾಡಲಿಲ್ಲ. ಭಾರತೀಯ ಸ್ತ್ರೀ ಅಧ್ಯಯನ ಸಂಘದ ಕೆಲಸದಲ್ಲಿ ತೊಡಗಿದರು. ಅಜ್ಜಿಯವರ ದಾರಿಗೇ ಬಂದರೆನ್ನಬಹುದು. ಯೌವನದಲ್ಲಿ ಬಿಟ್ಟುಬಂದ ಇತಿಹಾಸದ ಆಸೆಯೂ ಸತ್ತಿರಲಿಲ್ಲವೆಂದು ತೋರುತ್ತದೆ. 'ಸಾವಿರ ತೊರೆಗಳು' ಎಂಬ ಅರ್ಥ ಬರುವ ಹೆಸರಿನಿಂದ ಇಂಗ್ಲೀಷಿನಲ್ಲಿ ತಮ್ಮ ಆತ್ಮವೃತ್ತವನ್ನು ಬರೆದರು. ನಮ್ಮ ಮನೆಗೆ ಬಂದ ಆ ಇನ್ನೊಂದು ಪುಸ್ತಕದಲ್ಲಿಯೂ ಗಣಿತವಿಲ್ಲ. ನಮ್ಮ ದೇಶದ ಕೆಲವರು ಹೆಂಗಸರ ಗಂಡಸರ ನಿಜವಾದ ಕಥೆಗಳಿವೆ. 1994ರಲ್ಲಿ ಪತಿಯವರು ತೀರಿಕೊಂಡರು. ಒಬ್ಬಳೇ ಮಗಳು ಇಂದಿರಾ ಅಮೆರಿಕಾದ ನೆವಾಡಾ ಪ್ರಾಂತದ ರೀನೋ ನಗರದಲ್ಲಿರುವ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಇಂಜನಿಯರಿಂಗಿನ ಪ್ರಾಧ್ಯಾಪಿಕೆಯಾದರು. ತಾಯಿಯವರು 2010ರ ಸೆಪ್ಟೆಂಬರ್ 3ರಂದು, 88ನೆಯ ವಯಸ್ಸಿನಲ್ಲಿ, ಕಾಲವಾದರು.

ನಾಲ್ಕನೆಯ ಸಾಯಂಕಾಲ ತಾಯಿಯೂ ಮಗಳ ಜತೆಗೆ ಬಂದಿದ್ದಳು. ಗೋಪುರದ ಮೇಲಿರುವ ಆ ಬಿಳಿಯ ನಗಾರಿಗಳು ಒಂದು ಗೋಪುರದಿಂದ ಇನ್ನೊಂದಕ್ಕೆ ಮೈಕ್ರೋವೇವಿನಲ್ಲಿ ಸುದ್ದಿಯನ್ನು ದಾಟಿಸುವ ಆಂಟೆನಾಗಳೆಂದು ಹುಡುಗಿ ನಮಗೆ ಹೇಳುತ್ತಿದ್ದಳು. ತಾಯಿ ಅಲ್ಲಿಯೇ ಕುಳಿತು ಪುಸ್ತಕದ ಹಾಳೆಗಳನ್ನು ತಿರುವುತ್ತಿದ್ದವಳು ಒಂದು ಚಿತ್ರದ ಮೇಲೆ ಬೆರಳಿಟ್ಟು ನಿಲ್ಲಿಸಿದಳು. ಚೌಕನಾದ ಕೊಳವೆ, ಅದರ ತುದಿಗೆ ನಾಲ್ಕು ತೂತುಗಳ ಬಿಲ್ಲೆ.

“ಮೇಷ್ಟ್ರೇ, ಇದು ನಮ್ಮ ಕಾರ್ಖಾನೆಗೆ ಬರುತ್ತೆ. ಹಿತ್ತಾಳೇದು. ಈ ಬಿಲ್ಲೆಗೆ ಬೆಸುಗೆ ಹಾಕೋದು ನಾನೇ. ಒಂದು ಕೂದಲೆಳೆ ಓರೆ ಇದ್ದರೂ ವಾಪಸ್ ಕಳಿಸ್ತಾರೆ. ಯಾಕೆ ಅಂತ ಯಾರೂ ಹೇಳಿರಲಿಲ್ಲ,” ಎಂದಳು.

ಮಗಳು ಕಾಗದವನ್ನು ತೆಗೆದುಕೊಂಡು, ಎರಡು ಕೊಳವೆಗಳು ಸೇರುವಲ್ಲಿ ಸಂದು ಬಿದ್ದರೆ ಅಲೆಯ ಒಂದು ಭಾಗ ಹಿಂದಕ್ಕೆ ತಿರುಗುವುದನ್ನು ಬರೆದು ತೋರಿಸತೊಡಗಿದಳು. ತಾಯಿ ಕೇಳಿದ ಎರಡನೆಯ ಪ್ರಶ್ನೆ ನಮಗೆ ಅರ್ಥವಾಗಲಿಲ್ಲ. ನಾವು ಎದ್ದು ಕಾಫಿಗೆ ಹೇಳಿಬರಲು ಒಳಕ್ಕೆ ಹೋದೆವು.